ಎಂಜಲು ಬೆರಳು

ನಮ್ಮ ಮನೆಯ ಪುಸ್ತಕದ ಬೀರು ನೋಡಿದವರು ಮೊದಲು ಕೇಳುವುದು, "ಏನ್ರೀ ಇದು, ಅಂಗಡಿ ಲೆಕ್ಕದ ಖಾತೆಗಳಾ?" ಎಂದು. ತಪ್ಪು ಅವರದಲ್ಲ. ಆರುನೂರು ಚಿಲ್ಲರೆ ಪುಸ್ತಕಗಳಿಗೂ ನಾನು ಕಂದು ಕಾಗದದ ಬೈಂಡು ಹಾಕಿದ್ದೇನೆ. ಬೆನ್ನಿನ ಮೇಲೆ ಹೆಸರು ಬರೆದಿಲ್ಲ. ಪೆನ್ನು ಒತ್ತಿದರೆ ಒಳಗಿನ ಮುಖಪುಟಕ್ಕೆ ಗೀರು ಬಿದ್ದೀತೆಂಬ ಭಯ. ಹೀಗಾಗಿ ಬೇಂದ್ರೆ ಬೇಕೆಂದು ಎಳೆದರೆ ತ್ರಿವೇಣಿ ಬರುತ್ತಾರೆ, ತ್ರಿವೇಣಿ ಬೇಕೆಂದು ಎಳೆದರೆ ಆದಾಯ ತೆರಿಗೆಯ ಕೈಪಿಡಿ ಬರುತ್ತದೆ.

ಓದುವ ಕ್ರಮವೂ ಇದೆ. ಕೈ ತೊಳೆದು, ಒರೆಸಿ, ಒಣಗಲು ಬಿಟ್ಟು, ಆಮೇಲೆ ಪುಸ್ತಕ. ಅದನ್ನೂ ಪೂರ್ತಿ ಬಿಚ್ಚುವುದಿಲ್ಲ. ಸಾಲ ಕೊಟ್ಟವನು ಬಾಗಿಲು ತಟ್ಟಿದಾಗ ಕದ ಎಷ್ಟು ತೆರೆಯುತ್ತೇವೋ ಅಷ್ಟೇ. ಬೆನ್ನು ಮುರಿಯಬಾರದು ನೋಡಿ. ಎಡಪುಟದ ಸಾಲುಗಳ ಕೊನೆಯ ಎರಡಕ್ಷರ ಯಾವಾಗಲೂ ಹೊಲಿಗೆಯ ಸಂದಿಯಲ್ಲೇ ಉಳಿದುಬಿಡುತ್ತವೆ. ನಾಯಕ ಬಂದನೋ ಹೋದನೋ ಎಂಬುದನ್ನು ನಾನೇ ಊಹಿಸಿಕೊಳ್ಳುತ್ತೇನೆ.

ಹುಳುಗಳ ವಿಚಾರದಲ್ಲಿ ನನ್ನ ಯುದ್ಧ ಹಳೆಯದು. ಮೊದಲು ಬೇವಿನ ಎಲೆ ಇಟ್ಟೆ. ಹುಳು ಬರಲಿಲ್ಲ, ಆದರೆ ಎಲೆಯ ಕಲೆಯೇ ಪುಟಕ್ಕೆ ಅಂಟಿತು. ಆಮೇಲೆ ಲವಂಗ. ಅಂದಿನಿಂದ ಪಲಾವಿಗೆ ಲವಂಗ ಸಾಲದಾದರೆ ನನ್ನ ಹೆಂಡತಿ ಸೀದಾ ಕಾರಂತರ ಹತ್ತಿರ ಹೋಗುತ್ತಾಳೆ. ಬೈಂಡು ಅಂಟಿಸಲು ನಾನೇ ಮೈದಾ ಕುದಿಸಿ ಅಂಟು ಮಾಡುತ್ತಿದ್ದೆ. ಬೆಳ್ಳಿಹುಳುವಿಗೆ ಗಂಜಿಯ ಅಂಶವೆಂದರೆ ಪ್ರಾಣ ಎಂಬುದು ಗೊತ್ತಾಗುವಷ್ಟರಲ್ಲಿ ಆರುನೂರು ಪುಸ್ತಕಕ್ಕೂ ಹುಗ್ಗಿ ಬಡಿಸಿ ಆಗಿತ್ತು. ಹಳೇ ಬೈಂಡರ್ ಒಬ್ಬರು ನಕ್ಕು, "ಅಂಟಿಗೆ ಚಿಟಿಕೆ ಮೈಲುತುತ್ತ ಹಾಕ್ಬೇಕು ಸ್ವಾಮಿ, ಇಷ್ಟೂ ಗೊತ್ತಿಲ್ವಾ?" ಎಂದರು.

ಒಂದು ಅವಿವೇಕವನ್ನಂತೂ ಇದುವರೆಗೆ ಯಾರಿಗೂ ಹೇಳಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಕೈಗೆ ಸಿಕ್ಕಿದ್ದು ಅಲ್ಲೇ. ಓಲೆಗರಿ ಗರಿಗರಿಯಾಗಿ ಮುರಿಯದಿರಲಿ, ಹುಳು ಹತ್ತಿರ ಸುಳಿಯದಿರಲಿ ಎಂದು ಅದಕ್ಕೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ ಎಂದು ಓದಿದೆ. ಕೌಟಿಲ್ಯನಿಗೆ ಆಗಿಬಂದದ್ದು ನಮಗೆ ಆಗದೇ ಎಂದು ಒಂದು ಶೀಶೆ ತಂದು, ಒಂದು ಕಥಾಸಂಕಲನಕ್ಕೆ ಹತ್ತಿಯಿಂದ ಭಕ್ತಿಪೂರ್ವಕ ಸವರಿದೆ. ಓಲೆ ಬೇರೆ, ಕಾಗದ ಬೇರೆ. ಪುಟಗಳು ಬೋಂಡಾ ಕಟ್ಟಿಕೊಟ್ಟ ಕಾಗದದಂತೆ ಪಾರದರ್ಶಕವಾಗಿ, ಎರಡು ಕಥೆಗಳು ಒಟ್ಟಿಗೇ ಕಾಣತೊಡಗಿದವು.

ಇಷ್ಟೆಲ್ಲ ಮಾಡುವವನು ಪುಸ್ತಕ ಎರವಲು ಕೊಟ್ಟಾನೆಯೇ? ಕೊಟ್ಟು ಕೆಟ್ಟಿದ್ದೇನೆ. ಪುಟದ ಕಿವಿ ಹಿಂಡಿ ತಂದವರಿದ್ದಾರೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ಪಕ್ಕದಲ್ಲಿ "ನಿಜ" ಎಂದು ಬರೆದು ಲೇಖಕರಿಗೆ ಪ್ರಮಾಣಪತ್ರ ಕೊಟ್ಟವರಿದ್ದಾರೆ. ಅವರನ್ನಾದರೂ ಕ್ಷಮಿಸಬಹುದು, ಓದಿದ್ದಾರೆ. ಸಭೆಗಳಲ್ಲಿ ಹಾರದ ಬದಲು ಪುಸ್ತಕ ಕೊಟ್ಟರೆ ಅದರಿಂದಲೇ ಗಾಳಿ ಬೀಸಿಕೊಂಡು, ಹೋಗುವಾಗ ಕುರ್ಚಿಯ ಮೇಲೇ ಬಿಟ್ಟು ಹೋಗುವ ಗಣ್ಯರನ್ನು ಕಂಡರೆ ಮಾತ್ರ ನನ್ನ ಹಾಸ್ಯಪ್ರಜ್ಞೆ ಸತ್ತುಹೋಗುತ್ತದೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು, ಊರೂರು ಅಲೆದು ಮಾರಿದ ನಾಡು ಇದು. ಹಾಗೆ ಕುರ್ಚಿಯ ಮೇಲೆ ಉಳಿದ ನಾಲ್ಕು ಪುಸ್ತಕಗಳನ್ನು ನಾನು ಮನೆಗೆ ತಂದಿದ್ದೇನೆ. ಕಳ್ಳತನ ಎನ್ನುವುದಾದರೆ ಎನ್ನಿ.

ನವರಾತ್ರಿಯಲ್ಲಿ ಎಲ್ಲರ ಮನೆಯಲ್ಲೂ ಪುಸ್ತಕ ಪೂಜೆಗಿಟ್ಟು, ವಿಜಯದಶಮಿಯ ದಿನ ತೆಗೆದು ಎರಡು ಸಾಲಾದರೂ ಓದುತ್ತಾರಷ್ಟೆ. "ನಮ್ಮನೆ ಸರಸ್ವತಿಗೆ ವಿಸರ್ಜನೆಯೇ ಇಲ್ಲ" ಎಂದು ಹೆಂಡತಿ ಆಗಾಗ ಅನ್ನುವುದುಂಟು. ನಾನು ಅದಕ್ಕೆ ಕಿವಿಗೊಟ್ಟಿರಲಿಲ್ಲ, ಆ ಬಸ್ಸು ಹತ್ತುವವರೆಗೆ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಿದ್ದೆ. ತೊಡೆಯ ಮೇಲೆ ಟವೆಲ್ಲು, ಟವೆಲ್ಲಿನೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಂದು ಬೈಂಡಿನ 'ಕರ್ವಾಲೋ'. ಪಕ್ಕದಲ್ಲಿ ಬಿಳಿ ಪಂಚೆಯ ಯಜಮಾನರೊಬ್ಬರು, ತಿಪಟೂರಿನ ಕೊಬ್ಬರಿ ವ್ಯಾಪಾರಿ. ಬಾಯಿ ತುಂಬ ಎಲೆಯಡಿಕೆ. "ಏನ್ ಸ್ವಾಮಿ ಅದು, ಪಂಚಾಂಗವಾ?" ಎಂದರು. ಅಲ್ಲ, ತೇಜಸ್ವಿಯವರ ಕಾದಂಬರಿ ಎಂದೆ. "ಒಸಿ ಕೊಡಿ, ಹೊತ್ತು ಹೋಗ್ಲಿ" ಎಂದು ಕೈಚಾಚಿದರು. ಚಾಚಿದ ಕೈಗೆ ಇಲ್ಲವೆನ್ನಲಾಗಲಿಲ್ಲ.

ಮೊದಲ ಪುಟ ಮುಗಿಯಿತು. ಅವರ ಬಲಗೈ ತೋರುಬೆರಳು ನಿಧಾನವಾಗಿ ಮೇಲೆದ್ದಿತು. ಪುಸ್ತಕದಿಂದ ಎದ್ದ ಬೆರಳು ಎದೆ ದಾಟಿತು. ಗಲ್ಲ ದಾಟಿತು. ತುಟಿ ತೆರೆಯಿತು. ಒಳಗೆ, ಭದ್ರಾವತಿಯ ಕುಲುಮೆಯ ಬಾಯಿ ತೆರೆದಂತೆ, ಕೆಂಪಗೆ ನಿಗಿನಿಗಿ ನಾಲಗೆ. ಅದು ಮುಂದೆ ಬಂದು ಬೆರಳಿಗಾಗಿ ಕಾದಿತ್ತು. ಬೆರಳು ಅದನ್ನು ಮುಟ್ಟುವುದಕ್ಕೂ ನಾನು ಕೂಗುವುದಕ್ಕೂ ಸರಿಹೋಯಿತು.

"ಯಜಮಾನ್ರೇ! ನಾನು ತಿರುಗಿಸಿಕೊಡ್ತೀನಿ!"

ಅವರು ನನ್ನನ್ನು ನೋಡಿದರು. ಹಿಂದಿನ ಸೀಟಿನವರೂ ನೋಡಿದರು. "ನಿಮಗ್ಯಾಕೆ ಸ್ವಾಮಿ ತೊಂದರೆ?"

"ತೊಂದರೆ ಏನಿಲ್ಲ. ನನಗದು ಅಭ್ಯಾಸ."

ಹೀಗೆ ಶುರುವಾಯಿತು. ಅವರು ತುಟಿ ಅಲುಗಿಸುತ್ತ ಓದುವರು. ಪುಟ ಮುಗಿದೊಡನೆ "ಹೂಂ" ಎನ್ನುವರು. ನಾನು ಶುಭ್ರವಾದ ಎರಡು ಬೆರಳಿನಿಂದ ಮೇಲ್ತುದಿ ಹಿಡಿದು ತಿರುವುವೆನು. ತರೀಕೆರೆಯ ಹೊತ್ತಿಗೆ ನಮಗಿಬ್ಬರಿಗೂ ತಾಳ ಕೂಡಿತ್ತು. ಬೀರೂರಿನ ಹತ್ತಿರ ಅವರು ಜೋರಾಗಿ ನಕ್ಕು, "ಈ ಮಂದಣ್ಣನಂಥೋನು ನಮ್ಮೂರಾಗೂ ಒಬ್ಬ ಅವ್ನೆ" ಎಂದರು. ಅಡಿಕೆಯ ಒಂದು ಚೂರು ಹಾರಿ ಮುಂದಿನ ಸೀಟಿನ ಬೆನ್ನಿಗೆ ಬಿತ್ತು. ಪುಸ್ತಕ ಕೂದಲೆಳೆಯಲ್ಲಿ ಪಾರು. ಕಡೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿಯಲೇಬೇಕಾದ ತುರ್ತು ನನಗಿತ್ತು. ಆದರೆ ಪುಸ್ತಕವನ್ನು ಆ ಬೆರಳಿನ ವಶಕ್ಕೆ ಬಿಟ್ಟು ಇಳಿಯುವುದು ಹೇಗೆ? ಕಾಲಿನ ಮೇಲೆ ಕಾಲು ಹಾಕಿ ಕುಳಿತೆ. "ಹೂಂ" ಎಂದರು. ತಿರುವಿದೆ.

ಬಾಣಾವರ ದಾಟಿದ ಮೇಲೆ ಒಂದು ಗಳಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಪುಟ ಮೂರು ಮುಂದೆ ಹೋಗಿದ್ದವು. ಮೂರರಲ್ಲೂ ಕೆಳಮೂಲೆಯಲ್ಲಿ ಒಂದೊಂದು ಕೆಂಪು ಮೊಹರು. ಮೊದಲನೆಯದು ಗಾಢ, ಕೊನೆಯದು ತೆಳು. ನಾನು ಎದ್ದದ್ದು ನೋಡಿ ಯಜಮಾನರು ಕರುಣೆಯಿಂದ, "ಮಲಿಕ್ಕಳಿ ಸ್ವಾಮಿ, ನಾನೇ ತಿರುವ್ಕೊತೀನಿ" ಎಂದರು.

ಬಸ್ಸು ತಿಪಟೂರಿನೊಳಗೆ ನುಗ್ಗುವಾಗ ಇನ್ನು ನಾಲ್ಕೈದು ಪುಟ ಬಾಕಿ. ಕಂಡಕ್ಟರು "ತಿಪ್ಟೂರ್, ತಿಪ್ಟೂರ್" ಎಂದು ಬಾಗಿಲು ಬಡಿದ. ಯಜಮಾನರು ಚೀಲ ಹೆಗಲಿಗೇರಿಸಿ, ಪುಸ್ತಕ ನನ್ನ ಕೈಗಿಟ್ಟು, ಸೀಟಿನ ಕಂಬಿ ಹಿಡಿದು ನಿಂತೇ ಕೇಳಿದರು. ಮುಖದಲ್ಲಿ ನಿಜವಾದ ಆತಂಕ.

"ನೀವು ಓದಿದ್ದೀರಲ್ಲ ಸ್ವಾಮಿ. ಆ ಹಾರೋ ಓತಿ ಕೊನೇಗೆ ಏನಾಯ್ತು?"

ಹನ್ನೊಂದು ವರ್ಷದಿಂದ ಆ ಪುಸ್ತಕ ನನ್ನಲ್ಲಿದೆ. ಎರಡು ಬಾರಿ ಬೈಂಡು ಬದಲಿಸಿದ್ದೇನೆ. ಲವಂಗ ಇಟ್ಟಿದ್ದೇನೆ. 1980ರ ಈ ಕಾದಂಬರಿ ಕನ್ನಡಕ್ಕೆ ಏನು ಕೊಟ್ಟಿತು ಎಂದು ಎರಡು ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಆ ದಿನವಂತೂ ನೂರಕ್ಕೂ ಹೆಚ್ಚು ಪುಟ ನನ್ನ ಕೈಯಾರೆ ತಿರುವಿದ್ದೆ, ಕಣ್ಣು ಮಾತ್ರ ಅವರ ಬೆರಳಿನ ಮೇಲಿತ್ತು. ಓದಿರಲಿಲ್ಲ.

ಕಂಡಕ್ಟರು ಅವಸರ ಮಾಡುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು, "ಹಿಡಿದರು ಯಜಮಾನ್ರೇ. ಕರ್ವಾಲೋ ಅವರೇ ಹಿಡಿದು, ಸ್ಪಿರಿಟ್ ಬಾಟಲಿಗೆ ಹಾಕಿ, ಮ್ಯೂಸಿಯಂನಲ್ಲಿ ಇಟ್ಟರು. ಈಗಲೂ ಕೆಡದೆ ಇದೆ" ಎಂದೆ.

"ಹಿಡಿದೇಬಿಟ್ರಾ?" ಎಂದರು ಅವರು. ಒಂದು ಕ್ಷಣ ಸುಮ್ಮನಿದ್ದು, "ಪಾಪ" ಎಂದು ಇಳಿದುಹೋದರು.

ಆ ರಾತ್ರಿ ಮನೆ ಸೇರಿದವನು ಕೈ ತೊಳೆಯುವುದನ್ನೂ ಮರೆತು ಪುಸ್ತಕ ಬಿಚ್ಚಿದೆ. ಕೆಂಪು ಮೊಹರಿನ ಪುಟಗಳನ್ನು ದಾಟಿ ಕೊನೆ ಮುಟ್ಟುವಾಗ ಎರಡು ಗಂಟೆ. ನಿಮಗೆಲ್ಲ ಗೊತ್ತಿರುವುದೇ: ಓತಿ ಯಾರ ಕೈಗೂ ಸಿಗುವುದಿಲ್ಲ. ಅಷ್ಟು ಜನ ನೋಡುತ್ತಿದ್ದಂತೆಯೇ ರೆಕ್ಕೆ ಬಿಚ್ಚಿ ಕಣಿವೆಯ ಕಡೆಗೆ ತೇಲಿಹೋಗುತ್ತದೆ. ಹೆಂಡತಿ ಎದ್ದು ಬಂದು, ನಾನು ಪುಸ್ತಕವನ್ನು ಪೂರ್ತಿ ಬಿಚ್ಚಿ ಬೋರಲು ಹಾಕಿಕೊಂಡು ಕುಳಿತದ್ದು ನೋಡಿ, ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಅವರ ಹೆಸರು ಕೇಳಿರಲಿಲ್ಲ. ಈಗಲೂ ಆ ದಾರಿಯಲ್ಲಿ ಹೋಗುವಾಗ ತಿಪಟೂರು ಬಂದೊಡನೆ ಕಿಟಕಿಗೆ ಮುಖ ಒತ್ತಿ, ಬಿಳಿ ಪಂಚೆಗಳನ್ನೆಲ್ಲ ಹುಡುಕುತ್ತೇನೆ. ಕಂಡರೆ ಅಲ್ಲಿಂದಲೇ ಕೂಗಿಬಿಡುವುದೆಂದು ನಿಶ್ಚಯಿಸಿದ್ದೇನೆ, ಬಸ್ಸಿನವರು ಏನಾದರೂ ಅಂದುಕೊಳ್ಳಲಿ: "ಯಜಮಾನ್ರೇ, ಹಿಡೀಲಿಲ್ಲ! ಹಾರಿಹೋಯ್ತು!"