ಅರ್ಜುನನನ್ನು ಯಾವ ವರ್ಗಕ್ಕೆ ಹಾಕೋಣ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಕ್ರಮವಾಗಿ ಜೋಡಿಸಿಡಿ ಎಂದು ಕಂದಾಯ ಇಲಾಖೆಯವರಿಗೆ ಹೇಳಿದರೆ, ಅದರಲ್ಲೇನು ಮಹಾ, ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಉಸಿರು ಬಿಡದೆ ಒಪ್ಪಿಸಿಯಾರು. ಕಷ್ಟ ಏನೆಂದು ಗೊತ್ತಿರುವುದು ಕನ್ನಡ ವಿಕಿಪೀಡಿಯದಲ್ಲಿ ಪುಟಗಳಿಗೆ ವರ್ಗ ಹಾಕುತ್ತ ಕೂತವರಿಗೆ. ಲೇಖನ ಬರೆದವರು ಶಹಬ್ಬಾಸ್‌ಗಿರಿ ಪಡೆದು ಮನೆಗೆ ಹೋದ ಮೇಲೆ, ಬರೆದದ್ದು ನಾಳೆ ಯಾರ ಕೈಗಾದರೂ ಸಿಗಲಿ ಎಂದು ಜೋಡಿಸಿಡುವ ಈ ಮಂದಿಯ ಹೆಸರನ್ನು ಯಾರೂ ಕೇಳಿರುವುದಿಲ್ಲ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ವಿಕಿ ತಂತ್ರಾಂಶಕ್ಕೆ ವರ್ಗಗಳ ಸೌಲಭ್ಯ ಬಂದದ್ದು 2004ರಲ್ಲಿ. ಕೆಲಸ ನೋಡಲು ಬಲು ಸುಲಭ. ಪುಟದ ಕೊನೆಗೆ ಹೋಗಿ ಎರಡು ಚೌಕ ಕಂಸ ತೆರೆದು, 'ವರ್ಗ' ಎಂದು ಬರೆದು, ಒಂದು ಕೋಲನ್ ಇಟ್ಟು, ಹೆಸರು ಕೊಟ್ಟು ಕಂಸ ಮುಚ್ಚಿದರೆ ಮುಗಿಯಿತು. ಆ ಹೆಸರಿನ ವರ್ಗ ಇದೆಯೇ ಇಲ್ಲವೇ ಎಂದು ತಂತ್ರಾಂಶ ವಿಚಾರಿಸುವುದಿಲ್ಲ. ಇಲ್ಲದಿದ್ದರೆ ಹೆಸರು ಕೆಂಪಗೆ ಕಾಣುತ್ತದೆ, ಅಷ್ಟೇ. ಒಬ್ಬರು 'ಹುಣಸೂರು ತಾಲ್ಲೂಕು' ಎಂದು ಬರೆದು, ಇನ್ನೊಬ್ಬರು 'ಹುಣಸೂರು ತಾಲೂಕು' ಎಂದು ಬರೆದರೆ, ಒಂದು ಒತ್ತಕ್ಷರದ ದೆಸೆಯಿಂದ ಲಕ್ಷ್ಮಣತೀರ್ಥ ನದಿಯ ದಡದಲ್ಲಿ ಎರಡು ಹುಣಸೂರುಗಳು ಎದ್ದು ನಿಲ್ಲುತ್ತವೆ. ಅರ್ಧ ಹಳ್ಳಿಗಳು ಅಲ್ಲಿ, ಅರ್ಧ ಇಲ್ಲಿ.

ಎಚ್.ಡಿ.ಕೋಟೆಯ ಅವಸ್ಥೆ ಇನ್ನೂ ಮಜವಾಗಿದೆ. 'ಎಚ್.ಡಿ.' ಎಂದು ಬರೆದರೆ ವರ್ಗದ ಅಕಾರಾದಿ ಪಟ್ಟಿಯಲ್ಲಿ ಅದು ಎ ಅಕ್ಷರದ ಕೆಳಗೆ ಕೂರುತ್ತದೆ. 'ಹೆಚ್.ಡಿ.' ಎಂದೋ, ಪೂರ್ತಿಯಾಗಿ 'ಹೆಗ್ಗಡದೇವನಕೋಟೆ' ಎಂದೋ ಬರೆದರೆ ಹ ಅಕ್ಷರಕ್ಕೆ ಬರುತ್ತದೆ. ವರ್ಣಮಾಲೆಯ ಈ ತುದಿಯಿಂದ ಆ ತುದಿಗೆ ಒಂದು ತಾಲ್ಲೂಕು ಕೇಂದ್ರವೇ ಓಡಾಡುವುದೆಂದರೆ! ಕೆ.ಆರ್.ನಗರದ್ದು ಆ ಮಟ್ಟಿಗೆ ಸಭ್ಯ ನಡತೆ: ಮೊಟಕಾಗಿ ಕರೆದರೂ, ಕೃಷ್ಣರಾಜನಗರ ಎಂದು ಪೂರ್ತಿ ಕರೆದರೂ ಕ ಅಕ್ಷರ ಬಿಟ್ಟು ಕದಲುವುದಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಮಾಜಿ ಮುಖ್ಯಮಂತ್ರಿ ದೇವರಾಜ ಅರಸರು ಹೆಸರಿನ ಮೊದಲಿನ ಇನಿಷಿಯಲ್ಲಿನಿಂದಾಗಿ ದ ಬಿಟ್ಟು ಡ ಅಕ್ಷರಕ್ಕೆ ಹೋಗುತ್ತಾರೆ. ಅದೇ ಕಲ್ಲಹಳ್ಳಿಯಿಂದ ಬಂದು, 'ವೈಶಾಖ' ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸುಬ್ರಹ್ಮಣ್ಯರಾಜೇ ಅರಸರು 'ಚದುರಂಗ' ಎಂದು ಕಾವ್ಯನಾಮ ಇಟ್ಟುಕೊಂಡು ಈ ತಾಪತ್ರಯದಿಂದ ಪಾರಾದರು. ಇಂಥ ಕಡೆ ಜೋಡಣೆಗೊಂದು ಬೇರೆ ಕೀಲಿ ಕೊಡುವ ಉಪಾಯವೇನೋ ಇದೆ. ಕೊಡುವ ತಾಳ್ಮೆ ಬೇಕು.

ಹೊಸಬರ ಉತ್ಸಾಹದ್ದು ಮತ್ತೊಂದು ಕಥೆ. ಹಳ್ಳಿಯ ಮೇಲೆ ನಾಲ್ಕು ಸಾಲಿನ ಪುಟ ಬರೆದು, ಕೆಳಗೆ ತಾಲ್ಲೂಕು, ಜಿಲ್ಲೆ, ಕರ್ನಾಟಕ, ದಕ್ಷಿಣ ಭಾರತ, ಭಾರತ, ಏಷ್ಯಾ ಎಂದು ಲಗ್ನಪತ್ರಿಕೆಯ 'ಸುಖಾಗಮನ ಬಯಸುವವರು' ಪಟ್ಟಿಯ ಹಾಗೆ ಸಮಸ್ತ ಬಂಧುಗಳನ್ನೂ ಕೂರಿಸಿಬಿಡುತ್ತಾರೆ. ವಾಸ್ತವದಲ್ಲಿ ತಾಲ್ಲೂಕಿನ ಉಪವರ್ಗ ಒಂದೇ ಸಾಕು; ಆ ಉಪವರ್ಗ ಜಿಲ್ಲೆಯ ವರ್ಗದೊಳಗೆ, ಅದು ರಾಜ್ಯದೊಳಗೆ ಇದ್ದೇ ಇರುತ್ತದೆ. ಒಂದು ವರ್ಗದ ಪುಟದಲ್ಲಿ ಒಮ್ಮೆಗೆ ಕಾಣುವುದು 200 ಹೆಸರು. ಹಳ್ಳಿಗಳೆಲ್ಲ 'ಭಾರತ' ಎಂಬ ವರ್ಗಕ್ಕೇ ನುಗ್ಗಿದರೆ ಪುಟ ಮಗುಚುವವನ ಗತಿಯೇನು?

ಹಾಗೆಂದು ಮರದ ಹಾಗೆ ಕೊಂಬೆ, ಕವಲು ಎಂದು ಕಟ್ಟುನಿಟ್ಟಾಗಿ ಹೊರಟರೂ ಈ ಸೀಮೆ ಮಾತು ಕೇಳುವುದಿಲ್ಲ. ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ ಊರು. ಆದರೆ ಅಲ್ಲಿಯ ಸ್ವರ್ಣಮಂದಿರ ಟ್ಯಾಕ್ಸಿ ಚಾಲಕರ ಪಟ್ಟಿಯಲ್ಲಿ ಕೊಡಗಿನ ಪ್ರವಾಸಕ್ಕೆ ಸೇರಿದ್ದು. ಕಾವೇರಿಯ ಆಚೆ ದಡದ ಕುಶಾಲನಗರದಲ್ಲಿ ಊಟ ಮಾಡಿ ಬಂದವರಿಗೆ ಜಿಲ್ಲೆ ಬದಲಾದದ್ದು ತಿಳಿಯುವುದೂ ಇಲ್ಲ. ನಾಗರಹೊಳೆ ರಾಷ್ಟ್ರೀಯ ಉದ್ಯಾನವಂತೂ ಮೈಸೂರು, ಕೊಡಗು ಎರಡೂ ಜಿಲ್ಲೆಗಳ ಸ್ವತ್ತು. ಹುಣಸೂರು, ಪಿರಿಯಾಪಟ್ಟಣಗಳ ಜೀವಾಳವಾದ ವರ್ಜಿನಿಯಾ ತಂಬಾಕನ್ನು 'ವಾಣಿಜ್ಯ ಬೆಳೆಗಳು' ಎನ್ನಬೇಕೋ 'ಮಾದಕ ವಸ್ತುಗಳು' ಎನ್ನಬೇಕೋ? ಸಸ್ಯಶಾಸ್ತ್ರದವರು ಎರಡೂ ಬಿಟ್ಟು ಅದನ್ನು ಬದನೆ, ಟೊಮೆಟೊ, ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿಸಿ ಕೈತೊಳೆದುಕೊಂಡರು.

ಗ್ರಂಥಾಲಯ ಪಂಡಿತ ಎಸ್.ಆರ್. ರಂಗನಾಥನ್ ಈ ಗೋಳನ್ನು ಮೊದಲೇ ಕಂಡಿದ್ದರು. ಒಂದು ವಸ್ತುವನ್ನು ಒಂದೇ ಗೂಡಿಗೆ ತುರುಕುವ ಬದಲು ಅದರ ಹಲವು ಮುಖಗಳನ್ನು ಚಿಹ್ನೆಗಳಿಂದ ಪೋಣಿಸಬೇಕೆಂದು 1933ರಲ್ಲೇ 'ಕೋಲನ್ ವರ್ಗೀಕರಣ' ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. ವಿಕಿಯೂ ಒಂದು ಪುಟಕ್ಕೆ ಎಷ್ಟು ವರ್ಗ ಬೇಕಾದರೂ ಕೊಡುತ್ತದೆ. ಅಪಾಯ ಇರುವುದು ಉಪವರ್ಗಗಳ ಸರಪಳಿಯಲ್ಲಿ. ಎಚ್.ಡಿ.ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಜಗತ್ತಿಗೇ ಪರಿಚಿತನಾಗಿ, ಹಾಲಿವುಡ್ ಸೇರಿ, ಅಮೆರಿಕದ ಪೌರನಾಗಿ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸಿದವನು. ಅವನನ್ನು ತಾಲ್ಲೂಕಿನ ವ್ಯಕ್ತಿಗಳ ವರ್ಗಕ್ಕೆ ಹಾಕುವುದು ನ್ಯಾಯವೇ. ಆದರೆ ಯಾರೋ ಪುಣ್ಯಾತ್ಮರು 'ಸಾಬು' ಎಂದೇ ಒಂದು ಉಪವರ್ಗ ಮಾಡಿ ಅವನ ಚಿತ್ರಗಳನ್ನೆಲ್ಲ ಅದರೊಳಗೆ ಹಾಕಿದರೆ, 1940ರ 'ದಿ ಥೀಫ್ ಆಫ್ ಬಾಗ್ದಾದ್' ಸರಪಳಿ ಹಿಡಿದುಕೊಂಡು ನೇರ ಮೈಸೂರು ಜಿಲ್ಲೆಗೆ ಬಂದಿಳಿಯುತ್ತದೆ.

ಇನ್ನು ಅರ್ಜುನ. 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಸೆರೆಸಿಕ್ಕ ಆನೆ; ಎಚ್.ಡಿ.ಕೋಟೆಯ ಬಳ್ಳೆ ಶಿಬಿರ ಅದರ ಮನೆ. 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತದ್ದು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು. ಜನ ಅತ್ತದ್ದು ಮನುಷ್ಯರಿಗೆ ಅತ್ತ ಹಾಗೆಯೇ. ಹಾಗಾದರೆ '2023ರಲ್ಲಿ ನಿಧನರಾದವರು' ವರ್ಗಕ್ಕೆ ಸೇರಿಸಬಹುದೇ? ಇಂಗ್ಲಿಷ್ ವಿಕಿಪೀಡಿಯದವರು ಈ ಪೀಕಲಾಟ ಬೇಡವೆಂದು ಪ್ರಾಣಿಗಳ ಜನನ, ಮರಣಗಳಿಗೆ ಬೇರೆಯೇ ವರ್ಗ ಮಾಡಿಟ್ಟಿದ್ದಾರೆ. ಹೆಸರು ನೋಡಿ ಯಾರಾದರೂ 'ಮಹಾಭಾರತದ ಪಾತ್ರಗಳು' ಎಂದು ಹಾಕಿಬಿಟ್ಟರೂ ಬೈಯುವಂತಿಲ್ಲ. ಅಂಬಾರಿ ಹೊತ್ತವರ ಸಾಲು ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದೇ ಇದೆ. ಜೊತೆಗೆ ಹೊಳೆಮತ್ತಿಗೂ ಅರ್ಜುನ ಎಂಬ ಹೆಸರುಂಟು, ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯೂ ಅರ್ಜುನನದ್ದೇ. ಆನೆಗೆ 'ಆನೆಗಳು', 'ಮೈಸೂರು ದಸರಾ' ಎಂಬ ಎರಡು ವರ್ಗ ಸಾಕು ಎಂಬುದು ಈ ಬರಹದ ತೀರ್ಪು.

ಇಷ್ಟೆಲ್ಲ ಹೊಂದಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ ಸರ್ಕಾರ ಎಚ್.ಡಿ.ಕೋಟೆಯಿಂದ ಸರಗೂರನ್ನೂ, ಕೆ.ಆರ್.ನಗರದಿಂದ ಸಾಲಿಗ್ರಾಮವನ್ನೂ ಒಡೆದು ಹೊಸ ತಾಲ್ಲೂಕು ಮಾಡಿತು. ಸರ್ಕಾರಕ್ಕೆ ಆದೇಶ ಹೊರಡಿಸಿದರೆ ಆಯಿತು. ವಿಕಿಯಲ್ಲಿ ವರ್ಗದ ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿನ ಪುಟಗಳು ಹಿಂದೆ ಬರುವುದಿಲ್ಲ. ಒಂದೊಂದನ್ನೂ ತೆರೆದು ತಿದ್ದಬೇಕು, ಇಲ್ಲವೇ ತಾನಾಗಿ ತಿದ್ದುವ ಬಾಟ್ ಓಡಿಸಲು ಬಲ್ಲವರ ಕೈಕಾಲು ಹಿಡಿಯಬೇಕು.

ಆದ್ದರಿಂದ ಈ ಸೀಮೆಯವರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಪುಟ ತೆರೆದು ತಳಕ್ಕೆ ಹೋಗಿ ನೋಡಿ. ವರ್ಗವೇ ಇಲ್ಲದಿದ್ದರೆ ತಾಲ್ಲೂಕಿನದೊಂದನ್ನು ಸೇರಿಸಿ, 'ಏಷ್ಯಾ' ಕಂಡರೆ ಕಿತ್ತುಹಾಕಿ. ಹೊಸ ವರ್ಗ ಸೃಷ್ಟಿಸುವ ಮುನ್ನ ಹಳೆಯದು ಇದೆಯೇ ಎಂದು ಹುಡುಕಿ. ಒತ್ತಕ್ಷರ ಹಾಕಿ ಒಂದು ಸಲ, ಹಾಕದೆ ಇನ್ನೊಂದು ಸಲ.