ಮಾತು ಕೆಲಸವಾಗಿ ಕೆಡದಂತೆ ಕಾಪಿಡುವ ವಿಧಾನ

ಉಪ್ಪಿನಕಾಯಿ ಹಾಕುವವರಿಗೆ ಗೊತ್ತು: ಒಂದು ಒದ್ದೆ ಸೌಟು ಸಾಕು, ಜಾಡಿಗೆ ಜಾಡಿಯೇ ಬೂಸಲು. ಆದಿವಾಸಿ ಹಕ್ಕುಗಳ ಗೋಷ್ಠಿಯೂ ಅಷ್ಟೇ ಸೂಕ್ಷ್ಮ. ಭಾಷಣ ಹದವಾಗಿ ಬಂದಿರುತ್ತದೆ, ಚಪ್ಪಾಳೆ ಬಿದ್ದಿರುತ್ತದೆ, ಊಟಕ್ಕೆ ಹೋಳಿಗೆಯೂ ಇರುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರಿ ಸರ್, ಸೋಮವಾರ ಯಾವ ಆಫೀಸಿಗೆ ಹೋಗೋಣ?” ಎಂದುಬಿಡುತ್ತಾಳೆ. ಇಡೀ ದಿನದ ಮಾತು ಕೆಟ್ಟು ಕೆಲಸವಾಗಲು ಇಷ್ಟು ಸಾಕು.

ಹಾಗಾಗಬಾರದೆಂದೇ ಈ ಕೈಪಿಡಿ. ಇಪ್ಪತ್ತು ವರ್ಷಗಳಿಂದ ಗೋಷ್ಠಿ ಹಾಕುತ್ತಿದ್ದೇನೆ, ಒಂದು ಜಾಡಿಯೂ ಕೆಟ್ಟಿಲ್ಲ. ಕೆಳಗಿನ ಹಂತಗಳನ್ನು ಕ್ರಮ ತಪ್ಪದೆ ಪಾಲಿಸಿ.

ಹಂತ 1: ದಿನ ಗೊತ್ತು ಮಾಡಿ

ಆಗಸ್ಟ್ 9ನ್ನೇ ಹಿಡಿಯಿರಿ. ಅದು ವಿಶ್ವ ಆದಿವಾಸಿಗಳ ದಿನ, ಜೊತೆಗೆ ಕಾಡಂಚಿನಲ್ಲಿ ಮಳೆಗಾಲ. ನಾಗರಹೊಳೆ ಸುತ್ತಿನ ಆದಿವಾಸಿ ಹಾಡಿಗಳ ದಾರಿ ಕೆಸರಾಗಿ, ಬರಬೇಕಾದ ಐವತ್ತು ಜನರಲ್ಲಿ ನಾಲ್ವರು ಬಂದು ತಲುಪುತ್ತಾರೆ. ನಾಲ್ಕೇ ಶಾಲು ಸಾಕು, ಖರ್ಚೂ ಉಳಿಯಿತು.

ವಿಷಯ ಅಗಲವಾಗಿರಲಿ. ‘ಆದಿವಾಸಿ ಅಸ್ಮಿತೆ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂದಿಡಿ. ‘ಇಂಥ ಹಾಡಿಯ 32 ಅರ್ಜಿಗಳು ಎಲ್ಲಿ ನಿಂತಿವೆ?’ ಎಂದು ಇಡಬೇಡಿ. ಹಾಡಿಯ ಹೆಸರು ಬಂದರೆ ಆ ಹಾಡಿಯವರು ಬರುತ್ತಾರೆ, ಸಂಖ್ಯೆ ಬಂದರೆ ಲೆಕ್ಕ ಬರುತ್ತದೆ.

ಹಂತ 2: ವೇದಿಕೆ ಸಜ್ಜು ಮಾಡಿ

ಬ್ಯಾನರಿನ ಅಂಚಿಗೆ ವಾರ್ಲಿ ಚಿತ್ರ ಹಾಕಿಸಿ. ವಾರ್ಲಿಗಳು ಮಹಾರಾಷ್ಟ್ರ, ಗುಜರಾತಿನ ಕಡೆಯವರು, ನಿಮ್ಮ ಗೋಷ್ಠಿ ಜೇನುಕುರುಬರದು. ಚಿಂತೆ ಬೇಡ, ಇದುವರೆಗೆ ಯಾರೂ ಕೇಳಿಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಆ ಚಿತ್ರ ಮೊದಲೇ ತಯಾರಿರುತ್ತದೆ.

ವೇದಿಕೆಯ ಮೇಲೆ ಎಂಟು ಕುರ್ಚಿ ಹಾಕಿಸಿ, ಏಳು ನಮಗೆ. ಎಂಟನೆಯದು ಹಾಡಿಯ ಯಜಮಾನರಿಗೆ, ಹೂಕುಂಡದ ಮರೆಯಲ್ಲಿರಲಿ. ದೀಪ ಹಚ್ಚಬೇಡಿ, ಅದು ಹಳೆಯ ಕ್ರಮ. ಗಿಡಕ್ಕೆ ನೀರೆರೆದು ಉದ್ಘಾಟಿಸಿ. ಗಿಡವನ್ನು ಸಂಜೆಯೊಳಗೆ ನರ್ಸರಿಗೆ ವಾಪಸು ಮಾಡಿದರೆ ಬಾಡಿಗೆ ಮಾತ್ರ ಕೊಟ್ಟರಾಯಿತು.

ಒಂದು ಸೂತ್ರ ನೆನಪಿಡಿ: ಹಾಡಿಯವರಿಗೆ ಹಾಡು ಕೊಡಿ, ಮಾತು ಕೊಡಬೇಡಿ. ಹಾಡು ಐದು ನಿಮಿಷದಲ್ಲಿ ಮುಗಿಯುತ್ತದೆ. ಮಾತು ಕೊಟ್ಟರೆ ರೇಂಜರು, ಟ್ರೆಂಚು, ಮುರಿದ ಗುಡಿಸಲು ಎಂದು ಊಟದ ಹೊತ್ತನ್ನು ನುಂಗುತ್ತದೆ.

ಹಂತ 3: ಭಾಷಣ ಮಾಡಿ

ಮಸಾಲೆ ಇಲ್ಲಿದೆ, ಅಳತೆ ನೋಡಿ ಹಾಕಿ. 2007ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ 144 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಹಾಕಿತು ಎಂದು ಶುರು ಮಾಡಿ. ಅಲ್ಲಿಂದ ನೇರ 2006ರ ಅರಣ್ಯ ಹಕ್ಕು ಕಾಯ್ದೆಗೆ ಬನ್ನಿ. ಅದರ ಪ್ರಸ್ತಾವನೆಯಲ್ಲೇ ‘ಐತಿಹಾಸಿಕ ಅನ್ಯಾಯ’ ಎಂಬ ಮಾತಿದೆ, ಅದನ್ನು ಮೂರು ಸಲ ಹೇಳಿ. ಮೂರನೆಯ ಸಲ ದನಿ ನಡುಗಲಿ.

ಆಮೇಲೆ ನಾಗರಹೊಳೆ. ಹೈಕೋರ್ಟ್ ರಚಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು, ಆ ಕಾಡಿನಿಂದ 3,418 ಕುಟುಂಬಗಳು ಎತ್ತಂಗಡಿಯಾದ ಲೆಕ್ಕ ಕೊಟ್ಟಿತು ಎನ್ನಿ. ಅಂಕಿಯನ್ನು ಬಿಡಿಸಿ ಓದಿ: ಮೂರು ಸಾವಿರದ ನಾನೂರ ಹದಿನೆಂಟು. ಸಭೆಯಿಂದ ಲೊಚ್ಚ್ ಎಂಬ ಸದ್ದು ಬರುತ್ತದೆ. ಅದೇ ಬೆಂಬಲ. ಅದಕ್ಕಿಂತ ಹೆಚ್ಚು ಹಿಂಡಬೇಡಿ.

ಕೆಲವು ಸಂಗತಿಗಳನ್ನು ಮಾತ್ರ ಕೈ ತಾಗಿಸದೆ ದಾಟಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಹಕ್ಕಿನ ಮಾನ್ಯತೆ ಪಡೆದರು. ಇದನ್ನು ‘ಸ್ಫೂರ್ತಿ’ ಎಂದು ಒಂದೇ ವಾಕ್ಯದಲ್ಲಿ ಹೊಗಳಿ ಮುಂದೆ ಹೋಗಿ. ಅವರು ತಮ್ಮ ದೇವರ ತಾಣಗಳನ್ನು ಒಂದೊಂದಾಗಿ ನಕ್ಷೆಗಿಳಿಸಿದರು, ತಮ್ಮ ಹಾಡಿಗಳಾದ ಪೋಡು ಪೋಡಿನಲ್ಲಿ ಕೂತು ಅರ್ಜಿ ತುಂಬಿದರು ಎಂದು ವಿವರಿಸಹೋದರೆ, ಕೇಳುಗರಿಗೆ ತಾವೂ ಮಾಡಬಹುದು ಎನಿಸಿಬಿಡುತ್ತದೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ನಡೆದುಕೊಂಡೇ ವಾಪಸು ಹೋದುದನ್ನಂತೂ ಎತ್ತಲೇಬೇಡಿ. ಅವರು ನಮ್ಮ ಗೋಷ್ಠಿಯ ದಿನಾಂಕಕ್ಕೆ ಕಾಯಲಿಲ್ಲ.

ಹಂತ 4: ಕಾಗದ ಬಂದಾಗ ಗಾಬರಿಯಾಗಬೇಡಿ

ಸಂವಾದದ ಹೊತ್ತಿನಲ್ಲಿ ಕಾಗದ ಬರುತ್ತದೆ. ಬಂದೇ ಬರುತ್ತದೆ, ಸಿದ್ಧರಾಗಿರಿ. ಯಜಮಾನರು ಕುರ್ಚಿಯಿಂದ ಎದ್ದು, ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆಯುತ್ತಾರೆ. ಅದರೊಳಗೆ ರೇಷನ್ ಕಾರ್ಡು, ಆಧಾರ್, ನಾಲ್ಕು ಮಡಿಕೆಯ ಒಂದು ಹಿಂಬರಹ. ಮಡಿಸಿದ ಗೆರೆಯಲ್ಲಿ ಅಕ್ಷರ ಅಳಿಸಿದೆ. ಕೆಳಗೆ ನೇರಳೆ ಮೊಹರು, ಅದರ ಮೇಲೆ ಬಾಲ್‌ಪೆನ್ನಿನ ದಿನಾಂಕ. “ಸ್ವಾಮಿ, ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದಿ ಯೋಳಿ” ಎನ್ನುತ್ತಾರೆ.

ಓದಿ. ‘ಸೂಕ್ತ ದಾಖಲೆಗಳಿಲ್ಲದ ಕಾರಣ ಅರಣ್ಯ ಹಕ್ಕಿನ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ಕೊಟ್ಟದ್ದು ಎ.ಸಿ. ಅಧ್ಯಕ್ಷತೆಯ ಉಪವಿಭಾಗ ಮಟ್ಟದ ಸಮಿತಿ. (ಎ.ಸಿ. ಎಂದರೆ ನಮಗೆ ಸಭಾಂಗಣದ ತಂಪು, ಅವರಿಗೆ ಅಸಿಸ್ಟೆಂಟ್ ಕಮಿಷನರ್. ಎರಡರ ಎದುರೂ ನಡುಗುವವರು ಅವರೇ.) ದಿನಾಂಕ ನೋಡಿ: ಹದಿನೆಂಟು ದಿನ ಆಗಿದೆ.

ಈಗ ನೀವು ತಿಳಿದಿದ್ದೂ ಹೇಳಬಾರದ ಸಂಗತಿಗಳನ್ನು ಬರೆದುಕೊಳ್ಳಿ. ಆ ತಿರಸ್ಕಾರದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಬಹುದು. ಆ ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿ. ಇಂಥದೇ ದಾಖಲೆ ಬೇಕೆಂದು ಸಮಿತಿ ಹಟ ಹಿಡಿಯುವಂತಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಮನೆಯ ಗುರುತು, ಬಾವಿ, ಅಜ್ಜನನ್ನು ಹೂತ ಜಾಗ, ಇವೂ ಸಾಕ್ಷ್ಯ. ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಆ ಜಾಗದಿಂದ ಎಬ್ಬಿಸುವಂತಿಲ್ಲ ಎಂದೂ ಕಾಯ್ದೆಯಲ್ಲಿದೆ. ಒಟ್ಟಾರೆ ಎರಡು ಪುಟದ ಬರಹ, ಒಂದಿಷ್ಟು ಜೆರಾಕ್ಸು, ಒಂದು ಸ್ವೀಕೃತಿ ಮೊಹರು. ಡಿ.ಸಿ. ಕಚೇರಿ ಸಭಾಂಗಣದಿಂದ ಆಟೋದಲ್ಲಿ ಹತ್ತು ನಿಮಿಷ.

ಅಪಾಯ ಎಷ್ಟು ಹತ್ತಿರದಲ್ಲಿದೆ ಎಂದು ಗೊತ್ತಾಯಿತಲ್ಲ? ಆದ್ದರಿಂದ ಕಾಗದವನ್ನು ಎರಡೂ ಕೈಯಿಂದ ಎತ್ತಿ ಸಭೆಗೆ ತೋರಿಸಿ. “ನೋಡಿ, ಇದು ವ್ಯವಸ್ಥೆಯ ಕ್ರೌರ್ಯ” ಎನ್ನಿ. ಫೋಟೋ ತೆಗೆಸಿ. ನಾಲ್ಕು ಮಡಿಕೆಗೆ ಮತ್ತೆ ಮಡಿಸಿ, ಮರಳಿ ಕೊಟ್ಟು, “ನೋಡೋಣ ಯಜಮಾನ್ರೆ, ನಾವಿದ್ದೀವಿ” ಎನ್ನಿ. ಈ ಎರಡು ಮಾತು ಸೇರಿದರೆ ಸಾಕು, ಹಾಡಿಯವರು ಎಷ್ಟು ತಿಂಗಳಾದರೂ ಕಾಯುತ್ತಾರೆ.

ಹಂತ 5: ನಿರ್ಣಯ ಬರೆಯಿರಿ

ಹನ್ನೊಂದು ನಿರ್ಣಯ ಮಾಡಿ. ವ್ಯಾಕರಣದ ಮೇಲೆ ನಿಗಾ ಇರಲಿ: ಕರ್ಮಣಿಯಲ್ಲೇ ಬರೆಯಿರಿ. ‘ಹಕ್ಕುಪತ್ರ ವಿತರಿಸಲ್ಪಡಬೇಕು’, ‘ಕಿರುಕುಳ ನಿಲ್ಲಿಸಲ್ಪಡಬೇಕು’. ಕರ್ತರಿಗೆ ಕೈ ಹಾಕಿದರೆ ಕರ್ತೃ ಬೇಕಾಗುತ್ತಾನೆ. ‘ನಾನು ಬುಧವಾರ ಮೇಲ್ಮನವಿ ಬರೆದುಕೊಡುತ್ತೇನೆ’ ಎಂಬ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆ ಮೂರೂ ಇವೆ. ಇಂಥದನ್ನು ಸಮಾರೋಪದಲ್ಲಿ ಬಳಸಿದವರು ಯಾರೂ ಇಲ್ಲ.

ನಿರ್ಣಯಗಳನ್ನು ಮುಖ್ಯಮಂತ್ರಿಗೂ ರಾಷ್ಟ್ರಪತಿಗೂ ಕಳಿಸಿ. ಎಷ್ಟು ಮೇಲಕ್ಕೆ ಕಳಿಸುತ್ತೀರೋ ಉತ್ತರದ ಕಾಟ ಅಷ್ಟು ಕಡಿಮೆ. ಅರಣ್ಯ ಹಕ್ಕು ಶಾಖೆಯ ಕೇಸ್ ವರ್ಕರ್‌ಗೆ ಮಾತ್ರ ಕಳಿಸಬೇಡಿ. ಅವರು ಕಡತ ತೆಗೆದು, “ಕೂತ್ಕೊಳ್ಳಿ ಸರ್” ಎಂದುಬಿಟ್ಟರೆ ಏನು ಮಾಡುತ್ತೀರಿ?

ಹಂತ 6: ಗ್ರೂಪು ಮಾಡಿ

ಸಂಜೆಯೇ ವಾಟ್ಸಾಪ್ ಗ್ರೂಪು ತೆರೆಯಿರಿ. ‘ಆದಿವಾಸಿ’ ಸರಿಯೋ, ‘ಬುಡಕಟ್ಟು’ ಸರಿಯೋ, ‘ಮೂಲನಿವಾಸಿ’ ಸರಿಯೋ ಎಂದು ಹೆಸರಿನ ಚರ್ಚೆ ಎತ್ತಿ. ಒಂದು ವಾರ ಕಳೆಯುತ್ತದೆ. ಯಜಮಾನರನ್ನು ಸೇರಿಸುವುದು ಬೇಡ, ಅವರದು ಬಟನ್ ಫೋನು. ಕಾಗದದ ಫೋಟೋ ಹಾಕಿ. ಕೆಳಗೆ ಮುಷ್ಟಿಯ ಚಿತ್ರ, ಅಳುವ ಮುಖ, ಹಸಿರೆಲೆ ಬೀಳುತ್ತವೆ. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬರುತ್ತದೆ, ಕಾಗದ ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ.

ಆ ಹಿಂದಿನ ಸಾಲಿನ ಹುಡುಗಿಯನ್ನು ಮರೆಯಬೇಡಿ, ಒದ್ದೆ ಸೌಟು ಅವಳೇ. ಬೈದರೆ ಒಬ್ಬಳೇ ಹೊರಟುಬಿಡುತ್ತಾಳೆ. ಬದಲಿಗೆ ಅವಳನ್ನು ಯುವ ಘಟಕದ ಸಂಚಾಲಕಿ ಮಾಡಿ. ಮುಂದಿನ ಗೋಷ್ಠಿಯ ಪೋಸ್ಟರು, ಸಭಾಂಗಣ, ಅತಿಥಿಗಳ ಟಿಕೆಟ್ಟು ಅವಳ ತಲೆಗೆ ಕಟ್ಟಿ. ಸೋಮವಾರ ಯಾವ ಆಫೀಸಿಗೆ ಹೋಗಬೇಕೆಂದು ಕೇಳುವ ಪುರಸೊತ್ತು ಅವಳಿಗೆ ಮತ್ತೆ ಸಿಗುವುದಿಲ್ಲ.

ಹಂತ 7: ಹಾಡಿಗೆ ಹೋಗಲೇಬೇಕೆಂದರೆ

ಭಾನುವಾರ ಹೋಗಿ. ಕಚೇರಿಗಳು ಬಾಗಿಲು ಹಾಕಿರುತ್ತವೆ, “ಈಗಲೇ ಬನ್ನಿ ಸಾರ್” ಎಂದು ಯಾರೂ ಎಳೆದೊಯ್ಯಲಾರರು. ಕಂಬಳಿ, ಬಿಸ್ಕೆಟ್ ಪೊಟ್ಟಣ, ಹಳೆಯ ಬಟ್ಟೆ ಒಯ್ಯಿರಿ. ಪೆನ್ನು, ಬಿಳಿ ಹಾಳೆ ಒಯ್ಯಬೇಡಿ. ಹಿರಿಯಜ್ಜಿಯೊಬ್ಬರು ಆಲದ ಬುಡ ತೋರಿಸಿ, “ನಮ್ಮ ಮಾವನ್ನ ಇಲ್ಲೇ ಮಣ್ಣು ಮಾಡಿದ್ದು” ಎನ್ನುತ್ತಾರೆ. ಹಾಳೆ ಇದ್ದರೆ ಅದು ಸಾಕ್ಷ್ಯ, ಇಲ್ಲದಿದ್ದರೆ ಲೇಖನ. ಲೇಖನ ಬರೆಯಿರಿ. ಭಾನುವಾರದ ಪುರವಣಿಗೆ ಒಂದು ಪುಟ ಆಗುತ್ತದೆ, ಅಜ್ಜಿಯ ಸುಕ್ಕುಗಟ್ಟಿದ ಕೈಯ ಫೋಟೋ ಇರಲಿ.

ಹಂತ 8: ದಿನ ಎಣಿಸಿ

ಇಷ್ಟಾಗುವಾಗ 60ನೇ ದಿನ ಸದ್ದಿಲ್ಲದೆ ಬರುತ್ತದೆ. ಸಂಭ್ರಮಿಸಬೇಡಿ. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ಕೊಡಲು ನಿಯಮದಲ್ಲಿ ಅವಕಾಶವಿದೆ. ಈ ಮೂವತ್ತು ದಿನ ಬಹಳ ಜೋಕೆ. ಉಪಸಮಿತಿ ರಚಿಸಿ, ಅದರ ಮೊದಲ ಸಭೆಯನ್ನು ಎರಡು ಸಲ ಮುಂದೂಡಿ, ಮೂರನೆಯ ಸಲ ಕೋರಂ ಇಲ್ಲವೆಂದು ಎದ್ದುಬಿಡಿ. ಯಜಮಾನರು ಯಾರದೋ ಫೋನಿನಿಂದ ಕರೆ ಮಾಡಿ, “ಆ ಕಾಗ್ದ ಏನಾಯ್ತು ಸ್ವಾಮಿ?” ಎಂದರೆ, “ರಾಷ್ಟ್ರಪತಿಗಳಿಗೇ ಕಳಿಸಿದ್ದೀವಿ” ಎನ್ನಿ. ಸುಳ್ಳು ಹೇಳಿದ ಪಾಪ ಬೇಡ, ನಿರ್ಣಯ ಕಳಿಸಿದ್ದೀರಲ್ಲ.

91ನೇ ದಿನ ನಿರಾಳವಾಗಿ ಕಾಫಿ ಕುಡಿಯಿರಿ. ಜಾಡಿ ಕೆಟ್ಟಿಲ್ಲ.

ಹಂತ 9: ಮುಂದಿನ ವರ್ಷಕ್ಕೆ

ಆಗಸ್ಟ್ 9 ಮತ್ತೆ ಬರುತ್ತದೆ. ಅದೇ ಬ್ಯಾನರ್ ತೆಗೆಸಿ, ಇಸವಿಯ ಮೇಲೆ ಮಾತ್ರ ಚೀಟಿ ಅಂಟಿಸಿ. ಯಜಮಾನರನ್ನೇ ಕರೆಯಿರಿ. ಹೋದ ವರ್ಷ ಅವರು ಅರ್ಜಿದಾರರು, ಈ ವರ್ಷ ಸಂತ್ರಸ್ತರು. ನಮ್ಮ ವಿಷಯಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತಾರೆ. ಹೂಕುಂಡದ ಮರೆಯ ಅದೇ ಕುರ್ಚಿ ಕೊಡಿ. ಸಂವಾದದ ಹೊತ್ತಿಗೆ ಅವರ ಕೈ ಒಮ್ಮೆ ಅಂಗಿಯ ಜೇಬಿನತ್ತ ಹೋಗುತ್ತದೆ. ಹೆದರಬೇಡಿ, ಈ ಸಲ ಅಲ್ಲಿ ಕಾಗದವಿಲ್ಲ.

ಮೈಕು ಅವರ ಮುಂದಕ್ಕೆ ಸರಿಸಿ. ಒಂದು ಹಾಡು ಹೇಳಿಸಿ.