ರೋಮಿಗೆ ಹೋದ ಮಗ, ಅಣ್ಣಿಗೇರಿಗೆ ಹೋದ ಅವ್ವ

ಪರದೇಶಕ್ಕೆ ಒಬ್ಬನೇ ಹೋಗಿಬರಲು ಮೊದಲು ಬೇಕಾಗುವುದು ಧೈರ್ಯವಲ್ಲ, ಅಪ್ಪನ ಹೊಲದ ಉತಾರ. ಬೆಂಗಳೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತೇ ಬೆನ್ನು ಬಗ್ಗಿಸಿಕೊಂಡಿರುವ ಸಂಶಿಯ ಹುಡುಗನಿಗೆ (ಹೆಸರು ಬೇಡ, ಇಂಥವನು ಈಗ ಓಣಿಗೊಬ್ಬ ಇದ್ದಾನೆ) ರೋಮ್ ನೋಡುವ ಹುಕಿ ಬಂತು. ವೀಸಾ ಕೊಡುವವರಿಗೆ ಇದ್ದದ್ದು ಒಂದೇ ಚಿಂತೆ: ಈತ ತಿರುಗಿ ಊರಿಗೆ ಹೋಗುತ್ತಾನೆ ಎನ್ನುವುದಕ್ಕೆ ಖಾತ್ರಿ ಏನು? ಹುಡುಗ ಪಗಾರದ ಚೀಟಿ, ಬ್ಯಾಂಕಿನ ಲೆಕ್ಕ, 30,000 ಯೂರೋದ ವಿಮೆ, 90 ಯೂರೋ ಫೀ ಇಷ್ಟರ ಜೊತೆಗೆ ಅಪ್ಪನ ಎರಿ ಹೊಲದ ಉತಾರವನ್ನೂ ಇಂಗ್ಲಿಷಿಗೆ ಮಾಡಿಸಿ ಹಚ್ಚಿದ. ಉತಾರದ ಮೇಲೆ ಬೆಳೆಸಾಲದ ಬೋಜಾ ಇತ್ತು. ವೀಸಾ ಸಿಕ್ಕಿದ್ದು ಆ ಬೋಜಾದ ಪುಣ್ಯದಿಂದ ಎಂದೇ ನನ್ನ ಗುಮಾನಿ. ಸಾಲಗಾರನೇ ಮೊದಲು ಊರು ಬಿಡುವುದು ಎಂಬ ಸತ್ಯ ಯುರೋಪಿನವರಿಗೆ ಇನ್ನೂ ತಿಳಿದಂತಿಲ್ಲ.

ಒಬ್ಬನೇ ಹೋದ ಎನ್ನುವುದು ವಿಮಾನದವರ ಲೆಕ್ಕ. ವಿಡಿಯೋ ಕಾಲಿನ ಲೆಕ್ಕದಲ್ಲಿ ಅರ್ಧ ಸಂಶಿಯೇ ಜೊತೆಗಿತ್ತು. ಅಲ್ಲಿ ಮುಂಜಾನೆ ಒಂಬತ್ತಾದಾಗ ಇಲ್ಲಿ ಹನ್ನೆರಡೂವರೆ, ಕಟ್ಟಿಯ ಮೇಲಿನ ಹಿರಿಯರು ಬುತ್ತಿ ಬರುವ ದಾರಿ ಕಾಯುವ ಹೊತ್ತು. ಫೋನಿನಲ್ಲಿ ಕೊಲೋಸಿಯಂ ಮೂಡಿತು.

"ಕಾಕಾ, ಎರಡ ಸಾವಿರ ವರ್ಷದ್ದು ಇದು. ಕ್ರಿಸ್ತಶಕ 80ರಾಗ ಶುರು ಆಗೇತಿ."

"ಅರ್ಧಾ ಬಿದ್ದೈತಲ್ಲೋ. ರಿಪೇರಿ ಮಾಡ್ಸಿಲ್ಲೇನು?"

"ಮಾಡ್ಸಿದ್ರ ನೋಡಾಕ ಯಾರ್ ಬರ್ತಾರ ಕಾಕಾ?"

ಬಿದ್ದದ್ದೆಲ್ಲ ತಾನಾಗಿ ಬಿದ್ದದ್ದಲ್ಲ. ಭೂಕಂಪ ಅಲುಗಾಡಿಸಿತು, ಉಳಿದ ಕೆಲಸವನ್ನು ರೋಮಿನವರೇ ಪೂರೈಸಿದರು. ಶತಮಾನಗಳ ಕಾಲ ಅಲ್ಲಿಂದ ಕಲ್ಲು ಹೊತ್ತು ಅರಮನೆ, ಚರ್ಚು ಕಟ್ಟಿಕೊಂಡರು. ವೀರಗಲ್ಲನ್ನು ಬೋರಲು ಹಾಕಿ ಅರಿವೆ ಒಗೆಯುವ ನಾವೂ ಅವರೂ ಒಂದೇ ಗರಡಿಯವರು. ಅವರು ಉಳಿದದ್ದಕ್ಕೆ ಟಿಕೆಟ್ ಹಚ್ಚಿದರು, ನಾವು ನೀಲಿ ಬೋರ್ಡು ಹಚ್ಚಿದೆವು, ಅಷ್ಟೇ ಫರಕು. 2023ರಲ್ಲಿ ಒಬ್ಬ ಪ್ರವಾಸಿ ಕೀಲಿಕೈಯಿಂದ ಕೊಲೋಸಿಯಂ ಗೋಡೆ ಕೆರೆದು ತನ್ನ ಹೆಸರನ್ನೂ ತನ್ನಾಕೆಯ ಹೆಸರನ್ನೂ ಬರೆದು ಸಿಕ್ಕಿಬಿದ್ದ. ಇದು ಇಷ್ಟು ಹಳೆಯದೆಂದು ಗೊತ್ತಿರಲಿಲ್ಲ ಎಂದು ಆಮೇಲೆ ಪತ್ರ ಬರೆದು ಕ್ಷಮೆ ಕೇಳಿದ. ನಮ್ಮ ಗುಡಿಗಳ ಕಂಬಗಳ ಮೇಲೆ ಅಂಥ ಜೋಡಿಗಳ ಮತದಾರರ ಯಾದಿಯೇ ಇದೆ, ಕ್ಷಮಾಪಣೆಯ ಪತ್ರ ಮಾತ್ರ ಒಂದೂ ಬಂದಂತಿಲ್ಲ.

ಮಧ್ಯಾಹ್ನ ಹುಡುಗ ಸ್ಪ್ಯಾನಿಷ್ ಸ್ಟೆಪ್ಸ್ ಮುಂದೆ ನಿಂತ. 1720ರ ದಶಕದ್ದು, 135 ಪಾವಟಿಗೆ. ಕಾಲು ಸೋತು ಕೂರಲು ಹೋದವನನ್ನು ಪೊಲೀಸ್ ಸೀಟಿ ಊದಿ ಎಬ್ಬಿಸಿದ.

"ಯಾಕಲೇ, ಏನಾತು?"

"ಇಲ್ಲೆ ಕುಂಡ್ರಂಗಿಲ್ಲಂತ ಕಾಕಾ. 2019ರಿಂದ ಕಾನೂನು ಐತಿ. ಕುಂತ್ರ 400 ಯೂರೋತನಕ ದಂಡ."

ಕಟ್ಟಿಯ ಮೇಲೆ ಸ್ಮಶಾನ ಮೌನ. ಹುಟ್ಟಿದಾಗಿನಿಂದ ಕೂತೇ ಇರುವವರಿಗೆ ಇದಕ್ಕಿಂತ ಘೋರ ಸುದ್ದಿ ಬೇರೆ ಇರಲಿಲ್ಲ. ಒಬ್ಬರು ದಂಡವನ್ನು ರೂಪಾಯಿಗೆ ತಿರುಗಿಸಿ, ತಮ್ಮ ಮೂವತ್ತು ವರ್ಷದ ಕೂರಾಟಕ್ಕೆ ಗುಣಿಸಿ, ಸಂಶಿಯ ಎಲ್ಲಾ ಹೊಲ ಮಾರಿದರೂ ಮುಟ್ಟುವುದಿಲ್ಲ ಎಂದರು. "ಕುಂಡ್ರಾಕ ಕೊಡದ ಊರು ಎಂಥಾ ಊರಲೇ?" ಎಂದು ಇನ್ನೊಬ್ಬರು ರೋಮ್ ಸಾಮ್ರಾಜ್ಯ ಯಾಕೆ ಬಿತ್ತೆಂಬ ಪ್ರಶ್ನೆಯನ್ನೇ ಬಗೆಹರಿಸಿಬಿಟ್ಟರು.

ಟ್ರೆವಿ ಕಾರಂಜಿಯ ಹೊತ್ತಿಗೆ ಫೋನು ಅವ್ವನ ಕೈಗೆ ಬಂದಿತ್ತು. ಅವನು ಬೆನ್ನು ತಿರುಗಿಸಿ ಹೆಗಲ ಮೇಲಿಂದ ನಾಣ್ಯ ಎಸೆದ. ಹೀಗೆ ಬೀಳುವ ರೊಕ್ಕ ವರ್ಷಕ್ಕೆ ಹತ್ತು ಲಕ್ಷ ಯೂರೋ ದಾಟುತ್ತದೆ, ಅದನ್ನೆಲ್ಲ ಗೋರಿ ತೆಗೆದು ಬಡವರ ಕೆಲಸಕ್ಕೆ ಕೊಡುತ್ತಾರೆ.

"ನೀರಾಗ ಯಾಕ ಒಗದಿ ತಮ್ಮಾ?"

"ಒಗದ್ರ ಮತ್ತೊಮ್ಮೆ ರೋಮಿಗೆ ಬರೂ ಯೋಗ ಬರ್ತೈತಂತವ್ವ."

"ಹಂಗಾರ ಸಂಶಿಗೆ ಬರಾಕ ಎಲ್ಲಿ ಒಗೀಬೇಕು?"

ನೆಟ್‌ವರ್ಕ್ ಹೋಯಿತು ಎಂದ ಮಗ.

ಇನ್ನು ಈ ಅವ್ವನ ವಿಷಯ. ಯುರೋಪಿನವರು ವೀಸಾ ಫೀ ಏರಿಸಿದ್ದು 2024ರ ಜೂನ್ 11ಕ್ಕೆ. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2023ರ ಜೂನ್ 11ಕ್ಕೆ, ಕರ್ನಾಟಕದಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಶುರುವಾಗಿ ಆಕೆಯ ಕೈಗೆ ಶೂನ್ಯ ಟಿಕೆಟ್ ಬಂತು. ಆಕೆ ಉತಾರ ತೋರಿಸಲಿಲ್ಲ, ವಿಮೆ ಮಾಡಿಸಲಿಲ್ಲ, ಆಧಾರ್ ಕಾರ್ಡು ಹಿಡಿದುಕೊಂಡು ಬಸ್ ಹತ್ತಿದಳು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಬೋರ್ಡು ಓದಲು ಯಾರನ್ನೂ ಕೇಳದೆ, ಒಬ್ಬಳೇ ಅಣ್ಣಿಗೇರಿಯಲ್ಲಿ ಇಳಿದಳು. ಪಂಪ ಹುಟ್ಟಿದ ಊರು. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ, 11ನೇ ಶತಮಾನದ್ದು, 76 ಕಂಬ. ಕರಿಕಲ್ಲಿನ ಒಂದು ಕಂಬದ ಮೇಲೆ ಕೈಯಾಡಿಸಿ, ಸುತ್ತ ಸುತ್ತ ಕಡೆದ ಉಂಗುರಗಳನ್ನು ಬೆರಳಿನಿಂದ ಎಣಿಸಿ, "ಮುಂಗೈತುಂಬ ಬಳಿ ಇಟ್ಟಂಗ ಐತಿ" ಎಂದಳಂತೆ. ಆಮೇಲೆ ಅಲ್ಲೇ ಕೂತು ರೊಟ್ಟಿ, ಗುರೆಳ್ಳು ಚಟ್ನಿ ಬಿಚ್ಚಿದಳು. ಯಾರೂ ಸೀಟಿ ಊದಲಿಲ್ಲ. ಮಗರಾಯ ಇವತ್ತಿಗೂ ಅಣ್ಣಿಗೇರಿ ನೋಡಿಲ್ಲ. ಕುಂದಗೋಳದ ಶಂಭುಲಿಂಗನ ಗುಡಿಯೂ ಆ ಚಾಲುಕ್ಯರ ಕಾಲದ್ದೇ, ಕಾಲೇಜಿಗೆ ಹೋಗುತ್ತ ಬರುತ್ತ ಅದರ ಊರನ್ನು ಅವನು ಎಷ್ಟು ಸಲ ದಾಟಿದ್ದಾನೋ. ಟಿಕೆಟ್ ಇಲ್ಲದ ಜಾಗದಲ್ಲಿ ಇತಿಹಾಸ ಇರುತ್ತದೆಂದು ಅವನಿಗೆ ಯಾರೂ ಹೇಳಿಲ್ಲ.

ಮಗನ ಸಾಹಸಕ್ಕೆ ಹೌದಪ್ಪ ಹೌದು ಎಂದ ಅದೇ ಕಟ್ಟಿ ಅವ್ವನ ಬಗ್ಗೆ ಏನಂದಿತು ಗೊತ್ತೆ? "ಪುಕ್ಕಟೆ ಬಸ್ ಬಿಟ್ಟಮ್ಯಾಲೆ ಹೆಂಗಸರು ಮನ್ಯಾಗ ನಿಂದ್ರವಲ್ರು. ಸರಕಾರದ ರೊಕ್ಕ ಹಾಳು." ರೋಮಿಗೆ ಹೋದವನ ರೊಕ್ಕ ಹಾಳಾಗಲಿಲ್ಲವೇ ಎಂದು ಕೇಳಿದೆ. ಅದು ಅನುಭವ ಎಂದರು. ಈ ಮಾತೂ ಹೊಸದಲ್ಲ. ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಇದೇ ಹಾದಿಯ ರೈಲಿನಲ್ಲಿ ಓಡಾಡಿದವರು. ಹಾಡುವ ಹೆಣ್ಣೆಂದು ಆಡಿಕೊಳ್ಳುವ ಬಾಯಿಗಳನ್ನು ಅವರೂ ಕಂಡವರೇ. 2002ರಲ್ಲಿ ಪದ್ಮವಿಭೂಷಣ ಬಂದಾಗ ಮಾತ್ರ ಎಲ್ಲರಿಗೂ ಆಕೆ ನಮ್ಮಾಕಿ.

ಹುಡುಗ ಊರಿಗೆ ಬಂದ ಮೇಲೆ ಸತ್ಕಾರ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸು, ಅದರಲ್ಲಿ ಕಪ್ಪು ಕನ್ನಡಕದ ಹುಡುಗ, ಕೆಳಗೆ 'ಏಕಾಂಗಿ ವಿಶ್ವಪರ್ಯಟಕ'. ವಿಶ್ವ ಎಂದರೆ ರೋಮ್, ಪರ್ಯಟನೆ ಎಂದರೆ ಮುಂಜಾನೆಯಿಂದ ಸಂಜೆತನಕ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣದಲ್ಲಿ ಹುಡುಗ, ಮನುಷ್ಯ ಒಬ್ಬನೇ ತಿರುಗಾಡಿದಾಗಲೇ ತನ್ನನ್ನು ತಾನು ಕಾಣುತ್ತಾನೆ ಎಂದ. ಚಪ್ಪಾಳೆ ಬಿತ್ತು. ಇಂಥ ಮಗನನ್ನು ಹೆತ್ತ ಮಹಾತಾಯಿ ವೇದಿಕೆಗೆ ಬರಬೇಕೆಂದು ನಿರೂಪಕರು ಮೈಕಿನಲ್ಲಿ ಒಂದು ಸಲ ಕರೆದರು, ಎರಡು ಸಲ ಕರೆದರು. ಆಕೆ ಸೋಮೇಶ್ವರ ಗುಡಿ ನೋಡಲೆಂದು ಮುಂಜಾನೆಯೇ ಲಕ್ಷ್ಮೇಶ್ವರದ ಬಸ್ ಹತ್ತಿದ್ದಳು.

"ನೋಡ್ರಿ," ಎಂದರು ಕಾಕಾ, "ಇಂಥಾ ದಿನಾನೂ ಮನ್ಯಾಗ ಇಲ್ಲ."